ಪ್ರ: ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ಎರಡು ದಿನ ಇರ್ತೀನಿ. ಹೋದ ಸಲ ಅಲ್ಲಿ ಊಟ ಸಪ್ಪೆ ಅನ್ನಿಸಿತ್ತು, ಈ ಸಲ ಎಲ್ಲಿ ತಿನ್ನೋದು?

ಹೋದ ಸಲ ಊಟ ಸಪ್ಪೆ ಅನ್ನಿಸಿದ್ದು ಬಹುಶಃ ನೀವು ಹೈವೇ ಪಕ್ಕದ ಚೈನ್ ಹೋಟೆಲ್‌ಗಳಲ್ಲೇ ತಿಂದಿದ್ದಕ್ಕೆ. ಆ ಊರಿನ ರುಚಿಯೆಲ್ಲ ಇರುವುದು ಮೆಣಸಿನಕಾಯಿ ಸಾಸ್‌ನಲ್ಲಿ, ಅಲ್ಲಿ ಅದಕ್ಕೆ ‘ಚಿಲಿ’ ಅಂತಾರೆ.

ಮೊದಲ ದಿನ ಬೆಳಿಗ್ಗೆ ಯೂನಿವರ್ಸಿಟಿ ಎದುರಿನ ಫ್ರಂಟಿಯರ್ ಹೋಟೆಲ್‌ಗೆ ಹೋಗಿ, 1971ರಿಂದ ಇದೆ. ಹಸಿರು ಚಿಲಿ ಹಾಕಿದ ಬರಿಟೊ (ಟಾರ್ಟಿಯಾ ಎಂಬ ರೊಟ್ಟಿಯಲ್ಲಿ ಪಲ್ಯದಂಥದ್ದು ಸುತ್ತಿದ್ದು) ತಗೊಳ್ಳಿ, ಜೊತೆಗೆ ಬೆಣ್ಣೆಯಲ್ಲಿ ತೊಯ್ದ ಬಿಸಿ ಸ್ವೀಟ್ ರೋಲ್. ಮಧ್ಯಾಹ್ನ ಡುರಾನ್. ಔಷಧಿ ಅಂಗಡಿಯೊಳಗೇ ಇರುವ ಹೋಟೆಲ್ ಅದು. ಟಾರ್ಟಿಯಾ ಅಲ್ಲೇ ಲಟ್ಟಿಸಿ ಬೇಯಿಸುತ್ತಾರೆ, ಚಪಾತಿ ಮಾಡಿದ ಹಾಗೇ.

ಮರುದಿನ ಮೇರಿ ಅಂಡ್ ಟಿಟೋಸ್‌ಗೆ ಹೋಗಲೇಬೇಕು. 2010ರಲ್ಲಿ ಅಮೆರಿಕದ ಹೆಸರಾಂತ ಅಡುಗೆ ಪ್ರಶಸ್ತಿಯಾದ ಜೇಮ್ಸ್ ಬಿಯರ್ಡ್ ಬಂದ ಪುಟ್ಟ ಹೋಟೆಲ್. ಅಲ್ಲಿ ಕೆಂಪು ಚಿಲಿಯನ್ನೇ ಕೇಳಿ. ಅದೇ ಹಸಿರು ಕಾಯಿ ಹಣ್ಣಾಗಿ ಒಣಗಿದ್ದು, ಆದರೆ ರುಚಿ ಪೂರ್ತಿ ಬೇರೆ. ಬೇರೆ ಕಡೆ ‘ಕೆಂಪೋ ಹಸಿರೋ’ ಅಂತ ಕೇಳಿದರೆ ‘ಕ್ರಿಸ್‌ಮಸ್’ ಅನ್ನಿ, ಎರಡೂ ಹಾಕುತ್ತಾರೆ. ಖಾರ ಜಾಸ್ತಿಯಾದರೆ ನೀರು ಕುಡಿಯಬೇಡಿ. ಪೂರಿಯಂತೆ ಉಬ್ಬಿದ ಸೋಪಪೀಯ ತರಿಸಿ, ಮೂಲೆ ಹರಿದು ಜೇನುತುಪ್ಪ ಸುರಿದು ತಿನ್ನಿ.

ಸಸ್ಯಾಹಾರಿಯಾದರೆ ಚಿಲಿಗೆ ಮಾಂಸ, ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಪ್ರತಿ ಕಡೆಯೂ ಕೇಳಿ. ಹೋಟೆಲ್ ತೆರೆಯುವ ಸಮಯ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಒಂದು ಫೋನ್ ಮಾಡಿ.