ಶಿಖರ ಮುಟ್ಟದ ಸುತ್ತು: ಟ್ರೂಡೋಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾವು ಸೈಪ್ರಸ್‌ನ ಲಿಮಸೋಲ್‌ನಲ್ಲಿದ್ದೇವೆ. ಒಂದು ಭಾನುವಾರ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಟ್ರೂಡೋಸ್ ಬೆಟ್ಟದ ಕಾಡಿನಲ್ಲಿ ನಡೆಯಬೇಕು ಅಂತ ಆಸೆ. ಹೋದ ದಾರಿಯಲ್ಲೇ ವಾಪಸ್ ಬರೋದಂದ್ರೆ ಅವಳಿಗೆ ಬೇಜಾರು. ಯಾವ ದಾರಿ ಹಿಡಿಯೋಣ?
(ಲಿಮಸೋಲ್‌ನಿಂದ ಒಬ್ಬ ಓದುಗರು)

ಉತ್ತರ: ಜಾಸ್ತಿ ಯೋಚನೆ ಬೇಡ, ಆರ್ಟೆಮಿಸ್ ದಾರಿ ಹಿಡಿಯಿರಿ. ಸುಮಾರು 7 ಕಿ.ಮೀ. ಟ್ರೂಡೋಸ್‌ನ ಅತಿ ಎತ್ತರದ ಒಲಿಂಪಸ್ ಶಿಖರಕ್ಕೆ ಒಂದು ಪ್ರದಕ್ಷಿಣೆ ಹಾಕಿದ ಹಾಗೆ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ಟ್ರೂಡೋಸ್ ಚೌಕದಿಂದ ಪ್ರೊದ್ರೊಮೋಸ್ ಕಡೆ ಹೋಗುವ ರಸ್ತೆಯಲ್ಲಿ ಶಿಖರದ ಕಡೆಗೆ ಒಂದು ಅಡ್ಡರಸ್ತೆ ತಿರುಗುತ್ತದೆ, ಅದರಲ್ಲಿ ಸ್ವಲ್ಪ ಮೇಲೆ ಹೋದರೆ ಬೋರ್ಡು ಕಾಣುತ್ತದೆ. ಅಲ್ಲಿಗೆ ಕಾರಿನಲ್ಲಿ ಹೋಗುವಾಗಲೇ ನೀವು 1,700 ಮೀಟರ್ ಮೇಲೆ ಬಂದಿರುತ್ತೀರಿ, ಹಾಗಾಗಿ ನಡಿಗೆಯಲ್ಲಿ ಏದುಸಿರು ಬಿಡಿಸುವ ಏರು ಇಲ್ಲ. ಸಣ್ಣಪುಟ್ಟ ಏರಿಳಿತ ಅಷ್ಟೇ.

ಮತ್ತೆ ಇದನ್ನು ಮಧ್ಯಮ ಕಷ್ಟದ್ದು ಅನ್ನೋದು ಯಾಕೆ? ಕಾಲಡಿಯ ಕಲ್ಲಿನಿಂದ. ಕೆಲವು ಕಡೆ ದಾರಿ ಸಪೂರ, ಸಡಿಲ ಕಲ್ಲು, ಒಂದು ಪಕ್ಕಕ್ಕೆ ಇಳಿಜಾರು. ಚಪ್ಪಲಿಯಲ್ಲಿ ಹೋಗಬೇಡಿ, ಹಿಡಿತ ಇರುವ ಶೂ ಹಾಕಿ. ದೊಡ್ಡವರಿಗೆ ಮೂರು ಗಂಟೆ ಸಾಕು. ಮಗಳು ಇದ್ದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ, ಯಾಕೆಂದರೆ ಅವಳು ಪ್ರತಿ ಪೈನ್ ಕಾಯಿಯನ್ನೂ ಹೆಕ್ಕುತ್ತಾಳೆ, ಅಲ್ವಾ?

ದಾರಿಯುದ್ದಕ್ಕೂ ಕಪ್ಪು ಪೈನ್ ಮರಗಳು. ಸೈಪ್ರಸ್‌ನಲ್ಲಿ ಇವು ತಾವಾಗಿ ಬೆಳೆಯುವುದು ಟ್ರೂಡೋಸ್‌ನ ಈ ಮೇಲಿನ ಭಾಗದಲ್ಲಿ ಮಾತ್ರ. ಕೆಲವಕ್ಕೆ ನೂರಾರು ವರ್ಷ, ಗಾಳಿ ಹಿಮ ತಿಂದು ತಲೆ ಚಪ್ಪಟೆಯಾಗಿದೆ. ನಡುವೆ ಜೂನಿಪರ್ ಮರ ಸಿಕ್ಕರೆ ಎಲೆ ಉಜ್ಜಿ ಮೂಸಿ ನೋಡಿ, ವಾಸನೆ ಹಿತ ಅಲ್ಲ, ಆದರೆ ಮಕ್ಕಳಿಗೆ ಮಜಾ. ದಕ್ಷಿಣದ ಕಡೆ ಕಾಡು ತೆರೆದುಕೊಂಡಾಗ, ಮೋಡ ಇಲ್ಲದ ದಿನ ನಿಮ್ಮ ಲಿಮಸೋಲ್ ಕರಾವಳಿ, ಅಕ್ರೊತಿರಿಯ ಉಪ್ಪಿನ ಕೆರೆ ಎಲ್ಲ ಕೆಳಗೆ ಕಾಣುತ್ತದೆ. ಒಂದು ಕಡೆ ಹಳೆಯ ಗೋಡೆಗಳ ಉಳಿಕೆಯೂ ಇದೆ, ವೆನಿಸ್‌ನವರ ಆಳ್ವಿಕೆಯ ಕಾಲದ್ದು ಎನ್ನುತ್ತಾರೆ. ಈಗ ಕಲ್ಲಿನ ರಾಶಿ ಅಷ್ಟೇ, ಅದನ್ನು ನೋಡಲೆಂದೇ ಹೋಗಬೇಡಿ.

ಮಗಳು ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಅಟಲಾಂಟೆ ದಾರಿ ನೋಡಿ. ಅದೂ ಅದೇ ಶಿಖರದ ಸುತ್ತ, ಆದರೆ ಇನ್ನೂ ಕೆಳಗಿನಿಂದ. ಪೂರ್ತಿ ಸುತ್ತಿದರೆ ಸುಮಾರು 14 ಕಿ.ಮೀ. ಅದರಲ್ಲಿ ಕೈಬಿಟ್ಟ ಕ್ರೋಮಿಯಂ ಗಣಿಯೊಂದು ಸಿಗುತ್ತದೆ.

ಪ್ರಶ್ನೆ: ಸುತ್ತು ಹಾಕಿದ್ದಾಯ್ತು. ಶಿಖರಕ್ಕೆ ಮಾತ್ರ ಯಾಕೆ ಬಿಡಲ್ಲ?
(ನಿಕೋಸಿಯಾದ ವಿದ್ಯಾರ್ಥಿ)

ಉತ್ತರ: ಮೇಲೆ ದೊಡ್ಡ ಚೆಂಡಿನ ಹಾಗೆ ಕಾಣುತ್ತದಲ್ಲ, ಅದು ಬ್ರಿಟಿಷರ ರೇಡಾರ್. 1960ರಲ್ಲಿ ಸೈಪ್ರಸ್ ಸ್ವತಂತ್ರವಾದರೂ ಕೆಲವು ಜಾಗಗಳನ್ನು ಬ್ರಿಟನ್ ಉಳಿಸಿಕೊಂಡಿತು, ಇದೂ ಅದರಲ್ಲೊಂದು. ಬೇಲಿ ಹತ್ತಿರ ಫೋಟೋ ತೆಗೆಯುವ ಹುಚ್ಚು ಬೇಡ.

ಪ್ರಶ್ನೆ: ಕುಮಾರಪರ್ವತ ಹತ್ತಿ ಇಳಿದವನು ನಾನು. ಆಗಸ್ಟ್‌ನಲ್ಲಿ ಸೈಪ್ರಸ್‌ಗೆ ಹೋಗ್ತಿದ್ದೇನೆ. 7 ಕಿ.ಮೀ. ಅಂದ್ರೆ ಒಂದು ಬಾಟಲಿ ನೀರು ಸಾಕಲ್ವಾ?
(ಬೆಂಗಳೂರು)

ಉತ್ತರ: ಸಾಕಾಗಲ್ಲ ಸಾರ್. ಕುಮಾರಪರ್ವತದ ಏರಿನ ಮುಂದೆ ಇದು ಏನೂ ಅಲ್ಲ, ಒಪ್ಪಿದೆ. ಆದರೆ ನಮ್ಮಲ್ಲಿ ಆಗಸ್ಟ್ ಅಂದರೆ ಮಳೆ, ಅಲ್ಲಿ ಆಗಸ್ಟ್ ಅಂದರೆ ತಿಂಗಳುಗಟ್ಟಲೆ ಹನಿ ಬೀಳದ ನೆಲ. ಮೆಡಿಟರೇನಿಯನ್ ಹವೆಯೇ ಹಾಗೆ, ಮಳೆ ಚಳಿಗಾಲಕ್ಕೆ, ಬೇಸಿಗೆ ಪೂರ್ತಿ ಒಣ. ನಿಕೋಸಿಯಾ 40 ಡಿಗ್ರಿಯಲ್ಲಿ ಬೇಯುವಾಗ ಮೇಲೆ ತಂಪಾಗಿರುತ್ತದೆ ನಿಜ, ಮೋಸ ಮಾಡೋದೇ ಆ ತಂಪು. ಬೆವರು ಹರಿಯುವ ಮೊದಲೇ ಆರಿಹೋಗುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ದಾರಿಯಲ್ಲಿ ಹಳ್ಳ ಸಿಗಬಹುದು ಅನ್ನೋ ನಂಬಿಕೆ ಬೇಡ. ತಲೆಗೆ ಎರಡು ಲೀಟರ್ ಹೊತ್ತುಕೊಳ್ಳಿ, ಬೆಳಿಗ್ಗೆ ಎಂಟಕ್ಕೆಲ್ಲ ನಡೆಯಲು ಶುರು ಮಾಡಿ. ನನ್ನ ಮಾತು ಕೇಳುವುದಾದರೆ ಟಿಕೆಟ್ಟನ್ನೇ ಮೇ ತಿಂಗಳಿಗೋ ಅಕ್ಟೋಬರ್‌ಗೋ ಬದಲಾಯಿಸಿ.

ಇನ್ನೊಂದು ವಿಷಯ, ಬೆಂಕಿ. 2021ರ ಜುಲೈನಲ್ಲಿ ಈ ಬೆಟ್ಟಗಳ ದಕ್ಷಿಣದ ಇಳಿಜಾರಿನಲ್ಲಿ, ಅರಾಕಪಾಸ್ ಹಳ್ಳಿಯ ಹತ್ತಿರ ಹೊತ್ತಿದ ಬೆಂಕಿಯಲ್ಲಿ ಈಜಿಪ್ಟಿನ ನಾಲ್ವರು ಕೂಲಿ ಕೆಲಸದವರು ಸತ್ತರು. ಗೊತ್ತುಮಾಡಿದ ಪಿಕ್ನಿಕ್ ಜಾಗ ಬಿಟ್ಟು ಬೇರೆ ಕಡೆ ಬೆಂಕಿ ಹಚ್ಚುವುದು ಅಪರಾಧ. ಚಹಾ ಬೇಕಾದರೆ ಫ್ಲಾಸ್ಕಿನಲ್ಲಿ ಒಯ್ಯಿರಿ. ಸಿಗರೇಟು ಕಾರಿನಲ್ಲೇ ಇರಲಿ.

ಪ್ರಶ್ನೆ: ಮಗ ಕಳಿಸಿದ ಫೋಟೋ ನೋಡಿದೆ. ಮರಗಳು ಅಲ್ಲೊಂದು ಇಲ್ಲೊಂದು, ನಡುವೆ ಬರೀ ಬಂಡೆ. ಇದನ್ನು ಕಾಡು ಅಂತಾರಾ? ನಮ್ಮ ಮುಳ್ಳಯ್ಯನಗಿರಿಯೂ ಹೆಚ್ಚುಕಮ್ಮಿ ಅಷ್ಟೇ ಎತ್ತರ.
(ಚಿಕ್ಕಮಗಳೂರಿನ ನಿವೃತ್ತ ಮೇಷ್ಟರು)

ಉತ್ತರ: ಎತ್ತರ ನೀವು ಹೇಳಿದ್ದು ಸರಿ ಮೇಷ್ಟ್ರೇ, ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಒಲಿಂಪಸ್ 1,952. ಆದರೆ ಅದು ಇರುವುದು ಉತ್ತರಕ್ಕೆ ತುಂಬಾ ದೂರ, ಜನವರಿಯಲ್ಲಿ ಅಲ್ಲಿ ಜನ ಹಿಮದ ಮೇಲೆ ಜಾರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಇಲ್ಲಿ ಶಿಖರದಲ್ಲೂ 1,100ರ ಆಸುಪಾಸು.

ಮಳೆಗಿಂತ ದೊಡ್ಡ ಕಾರಣ ಕಲ್ಲಿನಲ್ಲಿದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಟ್ರೂಡೋಸ್ ಸಮುದ್ರದ ತಳವಾಗಿತ್ತು. ಭೂಮಿಯ ಫಲಕಗಳು ಒತ್ತಿಕೊಂಡಾಗ ಆ ತಳ ಹಾಗೇ ಮೇಲೆ ಎದ್ದಿತು. ಮಧ್ಯದ ಭಾಗ ಎಲ್ಲಕ್ಕಿಂತ ಜಾಸ್ತಿ ಎದ್ದು, ಮೇಲಿನ ಪದರಗಳು ಸವೆದುಹೋದವು. ಅದಕ್ಕೇ ತೀರ ಆಳದಲ್ಲಿ ಇರಬೇಕಾದ ಕಲ್ಲು ಈಗ ಶಿಖರದಲ್ಲಿದೆ! ಮಗ ನಡೆದದ್ದು ಭೂಮಿಯ ಹೊರಚಿಪ್ಪಿನ ಕೆಳಗಿದ್ದ ಕಲ್ಲಿನ ಮೇಲೆ. ಹಸಿರು ಛಾಯೆಯ, ಸೋಪಿನ ಹಾಗೆ ನುಣುಪಾದ ಕಲ್ಲು ಫೋಟೋದಲ್ಲಿದ್ದರೆ ಅದು ಸರ್ಪೆಂಟಿನೈಟ್. ಅದರಿಂದಾಗುವ ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಮೆಗ್ನೀಸಿಯಂ, ನಿಕ್ಕಲ್ ಜಾಸ್ತಿ. ಹೆಚ್ಚಿನ ಗಿಡಗಳಿಗೆ ಅದು ಆಗಿಬರಲ್ಲ. ತಡೆದುಕೊಂಡವು ಮಾತ್ರ ದೂರ ದೂರ ನಿಂತಿವೆ, ಅವುಗಳ ಬುಡದಲ್ಲಿ ಬೇರೆಲ್ಲೂ ಇಲ್ಲದ ಕೆಲವು ಸಣ್ಣ ಗಿಡಗಳೂ ಇವೆ. ನಮ್ಮ ಶೋಲಾ ಕಾಡನ್ನು ಅಳತೆಗೋಲು ಮಾಡಿಕೊಂಡರೆ ಇದು ಬಡಕಾಡು ಅನಿಸುತ್ತದೆ, ನನಗೇನೋ ಈ ಬಿಡಿಬಿಡಿ ಕಾಡಿನಲ್ಲಿ ನಡೆಯುವುದೇ ಇಷ್ಟ.

ಪ್ರಶ್ನೆ: ಇಂಬಳ, ಹಾವು?
(ಸಾಗರ)

ಉತ್ತರ: ಆ ಒಣ ದಾರಿಯಲ್ಲಿ ಇಂಬಳದ ಕಾಟ ಇಲ್ಲ, ಸುಣ್ಣ ತಂಬಾಕು ಮನೆಯಲ್ಲೇ ಬಿಡಿ. ವಿಷದ ಹಾವು ದ್ವೀಪದಲ್ಲಿದೆ, ಮೊಂಡು ಮೂಗಿನ ಒಂದು ಮಂಡಲದ ಜಾತಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಬಂಡೆಯ ಮೇಲೆ ಕೂರುವ ಮೊದಲು ಸುತ್ತ ನೋಡಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ.