ಕಲ್ಲಿನ ಮೇಲೆ 13 ತಿಂಗಳ ಕತೆ ಇರಲಿ

ಪತ್ರ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸರ್ದಾರ್ ಪಟೇಲರ ಪ್ರತಿಮೆ ಇದೆ. ಮೊನ್ನೆ ಮೊಮ್ಮಗಳು, ‘ಮುತ್ಯಾ, ಇವರು ಯಾರು? ಇಲ್ಲಿ ಯಾಕ ನಿಂತಾರ?’ ಅಂದಳು. ಕೆಳಗಿನ ಕಲ್ಲು ಓದಿದೆ. ಉದ್ಘಾಟನೆಗೆ ಬಂದವರ ಹೆಸರುಗಳಷ್ಟೇ ಇದ್ದವು. ಆ ಜಾಗದಲ್ಲಿ ನಾಲ್ಕು ಬೇವಿನ ಗಿಡ ಹಚ್ಚಿದ್ದರೆ ನೆರಳಾದರೂ ಸಿಗುತ್ತಿತ್ತು, ಅಲ್ವಾ?
– ಓದುಗರೊಬ್ಬರು, ಕಲಬುರಗಿ

ಸಂಪಾದಕರ ಉತ್ತರ:

ಬೇವಿನ ಗಿಡ ಖಂಡಿತ ಬೇಕು. ಮೇ ತಿಂಗಳ ಕಲಬುರಗಿ ಬಿಸಿಲು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ನಿಮ್ಮ ಮೊಮ್ಮಗಳ ಎರಡನೇ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಇಲ್ಲಿ ಯಾಕೆ?

ಅವಳಿಗೆ ಹೀಗೆ ಹೇಳಿ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮೂರಿಗೆ ಬರಲಿಲ್ಲ. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಯಾದಗಿರಿ ಕಲಬುರಗಿ ಜಿಲ್ಲೆಯೊಳಗೇ ಇತ್ತು. ನವೆಂಬರ್‌ನಲ್ಲಿ ಭಾರತಕ್ಕೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು, ಅಂದರೆ ಸದ್ಯ ಇದ್ದದ್ದು ಇದ್ದಂತೆಯೇ ಇರಲಿ ಅಂತ. ಮಾತುಕತೆ ಮುಂದೆ ಸಾಗಲಿಲ್ಲ, ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಮಾತ್ರ ಜಾಸ್ತಿಯಾಯಿತು. 1948ರ ಮೇನಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಕೊಲೆಗಳನ್ನು ಆ ಊರು ಇಂದಿಗೂ ಮರೆತಿಲ್ಲ. ಇನ್ನು ಕಾಯುವುದು ಬೇಡ ಎಂದು ಗೃಹಮಂತ್ರಿ ಪಟೇಲರು ಪಟ್ಟು ಹಿಡಿದರು. ಸೆಪ್ಟೆಂಬರ್ 13ಕ್ಕೆ ಸೇನೆ ಒಳಬಂತು, 17ಕ್ಕೆ ನಿಜಾಮರು ಸೋಲೊಪ್ಪಿದರು. ನಮ್ಮೂರು 13 ತಿಂಗಳು ಕಾದಿತ್ತು. ಸೆಪ್ಟೆಂಬರ್ 17ಕ್ಕೆ ನಾವು ಇನ್ನೊಮ್ಮೆ ಧ್ವಜ ಹಾರಿಸುವುದು ಇದಕ್ಕೇ.

ಪಟೇಲರೊಬ್ಬರಿಂದಲೇ ಆಗಿದ್ದಲ್ಲ ಇದು. ಹೈದರಾಬಾದ್ ವಿಮೋಚನಾ ಹೋರಾಟದ ನಾಯಕ ಸ್ವಾಮಿ ರಮಾನಂದ ತೀರ್ಥರ ಜೊತೆ ಹೋರಾಡಿ ಜೈಲು ಸೇರಿದವರು ನಮ್ಮ ಹಳ್ಳಿ ಹಳ್ಳಿಯಲ್ಲೂ ಇದ್ದರು. ಮುಂದೆ 1952ರಲ್ಲಿ ಸ್ವಾಮೀಜಿ ಇಲ್ಲಿಂದಲೇ ಲೋಕಸಭೆಗೆ ಹೋದರು.

ಇನ್ನೊಂದು ಮಾತು, ಹೇಳಲು ಸಂಕಟವಾಗುತ್ತದೆ. ಆ ಸೆಪ್ಟೆಂಬರ್ ನಂತರ ಮುಸ್ಲಿಮರ ಮನೆಗಳಲ್ಲಿ ಸಾವು, ಲೂಟಿ ನಡೆದವು. ಕೇಂದ್ರ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿದೆ. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಸೇರಿವೆ. ಮೊಮ್ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಇದನ್ನೂ ಹೇಳಿ. ಅರ್ಧ ಕತೆ ಹೇಳಿದರೆ ಪಕ್ಕದ ಮನೆಯ ಮಗು ಆ ಪಾರ್ಕಿಗೆ ಮನಸ್ಸು ಬಿಚ್ಚಿ ಬರುವುದಿಲ್ಲ.

ಹಾಗಾಗಿ ಪ್ರತಿಮೆ ಇರಲಿ, ಕಲ್ಲು ಬದಲಾಗಲಿ. ಆರೇಳು ಸಾಲು ಸಾಕು, ಕನ್ನಡದಲ್ಲೂ ಉರ್ದುವಿನಲ್ಲೂ. ಮಗು ನಿಂತು ಓದುವಷ್ಟು ಕೆಳಗಿರಲಿ. ಓಣಿಯವರ ಸಹಿ ಹಾಕಿಸಿ ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ. ಬೇಕಿದ್ದರೆ ಅರ್ಜಿಯನ್ನು ನಾನೇ ಬರೆದು ಕಳಿಸುತ್ತೇನೆ. ಬೇವಿನ ಗಿಡದ ಮಾತನ್ನೂ ಅದರಲ್ಲೇ ಸೇರಿಸೋಣ.