ಮುತ್ಯಾನ ಪೇಪರಿಗೆ ಎಂಟು ರೂಪಾಯಿ

ಈ ಪ್ರಕರಣವನ್ನು ಬರೆಯಲು ಆ ಕುಟುಂಬದವರು ಒಪ್ಪಿದ್ದಾರೆ. ಗುರುತು ಸಿಗಬಾರದೆಂದು ವಯಸ್ಸು, ವ್ಯಾಪಾರ ಮುಂತಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಾಗಲಕೋಟೆಯ ನವನಗರದಿಂದ ತಂದೆಯೊಬ್ಬರು ತಮ್ಮ 11 ವರ್ಷದ ಮಗನನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದಿದ್ದರು. ಅವರದು ಕಿರಾಣಿ ಸಗಟು ವ್ಯಾಪಾರ. ಕುಳಿತ ಕೂಡಲೇ, "ಹುಡುಗಗ ರೊಕ್ಕದ ಹುಚ್ಚು ಹಿಡದೈತ್ರೀ ಮೇಡಂ" ಎಂದರು. ಹಿಂದಿನ ವಾರ ಜ್ವರದಿಂದ ಮಲಗಿದ್ದ ತಾಯಿ, ಓಣಿಯ ತುದಿಯ ಔಷಧಿ ಅಂಗಡಿಯಿಂದ ಗುಳಿಗಿ ತಂದುಕೊಡು ಎಂದು ಕೇಳಿದಾಗ ಹುಡುಗ ಎದ್ದು ನಿಂತು, "ಎಷ್ಟ ಕೊಡ್ತಿ?" ಎಂದಿದ್ದನಂತೆ. ತಾಯಿ ಅತ್ತರು, ತಂದೆ ಹೊಡೆದರು. ತಾನು ಮಾಡಿದ ತಪ್ಪೇನೆಂದು ಹುಡುಗನಿಗೆ ಇನ್ನೂ ತಿಳಿದಿರಲಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಅವನು ತಪ್ಪನ್ನೇನೂ ಮಾಡಿರಲಿಲ್ಲ.

ತಂದೆಯನ್ನು ಹೊರಗೆ ಕೂರಿಸಿ ಹುಡುಗನೊಬ್ಬನೊಂದಿಗೆ ಮಾತನಾಡಿದೆ. ಸ್ವಲ್ಪ ಹೊತ್ತಿನ ಬಳಿಕ ಅವನು ಶಾಲೆಯ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದು ತೋರಿಸಿದ. ಅಪ್ಪನ ಅಂಗಡಿಯ ಖಾತೆ ಪುಸ್ತಕದ ಹಾಗೆಯೇ ಸ್ಕೇಲಿಟ್ಟು ಗೆರೆ ಎಳೆದು, ತಾರೀಖು, ಕೆಲಸ, ಜಮಾ, ಬಾಕಿ ಎಂದು ನಾಲ್ಕು ಸಾಲು ಮಾಡಿದ್ದ. "ಮುತ್ಯಾ, ಪೇಪರ್, 8 ರೂ." ಎಂಬುದು ಪುಟಪುಟದಲ್ಲೂ ಇತ್ತು. ಮುತ್ಯಾ ಎಂದರೆ ಅವನ ಅಜ್ಜ. ನಡುನಡುವೆ "ಅವ್ವಗ ಕೊತ್ತಂಬರಿ ತಂದದ್ದು, 2 ರೂ." ಎಂದಿತ್ತು. ಒಂದು ಕಡೆ "ಮುತ್ಯಾನ ಬಡಿಗಿ ಹುಡುಕಿ ಕೊಟ್ಟದ್ದು, 1 ರೂ., ಉದ್ರಿ" ಎಂದಿದ್ದುದನ್ನು ಓದಿ ನಾನು ಕೆಲವು ಕ್ಷಣ ಸುಮ್ಮನಾದೆ.

ಅಜ್ಜನಿಗೆ ಗ್ಲಾಕೋಮಾದಿಂದ ಎರಡೂ ಕಣ್ಣುಗಳ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು, ಹಾಗೆ ಹೋದ ದೃಷ್ಟಿ ಮರಳುವುದಿಲ್ಲ. ಎರಡು ವರ್ಷಗಳ ಹಿಂದಿನಿಂದಲೂ ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊಮ್ಮಗ ಅವರಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದ. ಯಾರೂ ಹೇಳಿ ಹಚ್ಚಿದ ಕೆಲಸವಲ್ಲ ಅದು. ಮಳೆಗಾಲದಲ್ಲಿ ಮುತ್ಯಾ ಮೊದಲು ಕೇಳುತ್ತಿದ್ದುದು ಆಲಮಟ್ಟಿ ಜಲಾಶಯದ ನೀರಿನ ಮಟ್ಟ. ಪತ್ರಿಕೆಯ ಮೂಲೆಯ ಸಣ್ಣ ಚೌಕದಲ್ಲಿ ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್ ಎಂದಿರುವುದನ್ನು ಹುಡುಗ ಓದಿದರೆ, ಮುತ್ಯಾ "ಇನ್ನ ಎಷ್ಟ ಬೇಕು?" ಎನ್ನುತ್ತಿದ್ದರು. ಹುಡುಗ ಬಾಯಿಲೆಕ್ಕದಲ್ಲೇ ಕಳೆದು ಹೇಳುತ್ತಿದ್ದ.

ಎಂಟು ತಿಂಗಳ ಹಿಂದೆ ತಂದೆ ಇದಕ್ಕೆ ಒಂದು ದರ ಕಟ್ಟಿದರು. ಒಂದು ಸುದ್ದಿಗೆ 2 ರೂಪಾಯಿ, ದಿನಕ್ಕೆ ನಾಲ್ಕು ಸುದ್ದಿ. ಮೊದಲ ವಾರ ಹುಡುಗ ಉತ್ಸಾಹದಿಂದ ಓದಿದ. ಆಮೇಲೆ ಪತ್ರಿಕೆಯಲ್ಲಿ ಅತಿ ಚಿಕ್ಕ ಸುದ್ದಿ ಯಾವ ಪುಟದಲ್ಲಿರುತ್ತದೆಂದು ಕಂಡುಕೊಂಡ. ಮುಕ್ಕಾಲು ಗಂಟೆ ನಡೆಯುತ್ತಿದ್ದ ಓದು ಐದು ನಿಮಿಷಕ್ಕೆ ಇಳಿಯಿತು. ಆಲಮಟ್ಟಿಯ ಚೌಕ ಬಿಟ್ಟೇ ಹೋಯಿತು. ಏಕೆಂದು ಕೇಳಿದೆ. "ಅದ್ರಾಗ ಬರೇ ನಂಬರ್ ಅದಾವ್ರೀ. ಅದು ಸುದ್ದಿ ಅಲ್ಲ ಅಂದ್ರು ಪಪ್ಪಾ." ತಿಂಗಳ ಹಿಂದೆ ಮುತ್ಯಾ, "ಪೇಪರ್ ಸಾಕಪ್ಪಾ, ನೀ ಆಡ್ಲಿಕ್ಕೆ ಹೋಗು" ಎಂದು ಓದನ್ನೇ ನಿಲ್ಲಿಸಿಬಿಟ್ಟಿದ್ದರು. ನೋಟ್‌ಬುಕ್ಕಿನಲ್ಲಿ ಆ ದಿನದ ಮುಂದೆ "ರಜಾ" ಎಂದು ಬರೆದಿತ್ತು.

ಇದು ಹುಡುಗನ ದುರಾಸೆಯಲ್ಲ ಎಂಬುದನ್ನು ತಂದೆಗೆ ಮೊದಲು ಮನವರಿಕೆ ಮಾಡಬೇಕಿತ್ತು. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಪ್ರಯೋಗವೊಂದನ್ನು ಅವರಿಗೆ ವಿವರಿಸಿದೆ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಲಾಯಿತು. ಕೆಲವರಿಗೆ ಮೊದಲು ಏನೂ ಹೇಳದೆ ಬರೆದ ಮೇಲೆ ಕೊಡಲಾಯಿತು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರಗಳ ನಂತರ ನೋಡಿದಾಗ, ಪ್ರಶಸ್ತಿಯ ಆಸೆ ತೋರಿಸಿ ಬರೆಸಿದ್ದ ಮಕ್ಕಳು ಚಿತ್ರ ಬಿಡಿಸಲು ಕಳೆಯುತ್ತಿದ್ದ ಸಮಯ ಉಳಿದವರ ಅರ್ಧದಷ್ಟಿತ್ತು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರ ಆಸಕ್ತಿ ಕುಂದಿರಲಿಲ್ಲ. ಅಂದರೆ ಕೆಡಿಸಿದ್ದು ಸಿಕ್ಕ ವಸ್ತುವಲ್ಲ, "ಇದನ್ನು ಮಾಡಿದರೆ ಅದನ್ನು ಕೊಡುತ್ತೇನೆ" ಎಂಬ ಕರಾರು. ಕರಾರು ಬಂದೊಡನೆ, ತಾನು ಇದನ್ನು ಏಕೆ ಮಾಡುತ್ತಿದ್ದೇನೆ ಎಂಬ ಪ್ರಶ್ನೆಗೆ ಮಗುವಿನ ಮನಸ್ಸಿನಲ್ಲಿದ್ದ ಹಳೆಯ ಉತ್ತರ ಅಳಿಸಿ ಹೋಗಿ ಹೊಸದೊಂದು ಉತ್ತರ ಕೂರುತ್ತದೆ.

ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದ್ದು ಬೇರೆಯೇ ಒಂದು ಕಥೆ. 12ನೇ ವಯಸ್ಸಿನಿಂದ ಅವರು ಸೋದರಮಾವನ ಅಂಗಡಿಯಲ್ಲಿ ದುಡಿದಿದ್ದರು. ಬೆಳಿಗ್ಗೆ ಬಾಗಿಲು ತೆರೆಯುವುದು, ಬೆಲ್ಲ ಒಡೆಯುವುದು, ಸಕ್ಕರೆ ತೂಗಿ ಪೊಟ್ಟಣ ಕಟ್ಟುವುದು, ರಾತ್ರಿ ಕಸ ಗುಡಿಸಿ ಅಲ್ಲೇ ಮಲಗುವುದು. ಹೀಗೆ ಒಂಬತ್ತು ವರ್ಷ. ಸಂಬಳದ ಮಾತೆತ್ತಿದರೆ, "ನೀ ಮನಿ ಹುಡುಗ, ನಿನಗ್ಯಾತರ ಪಗಾರ?" ಎನ್ನುತ್ತಿದ್ದರಂತೆ. ಸ್ವಂತ ಅಂಗಡಿ ಇಡಬೇಕೆಂದು ಹೊರಬಿದ್ದಾಗ ಕೈಯಲ್ಲಿ ಒಂದು ಪೈಸೆಯೂ ಇರಲಿಲ್ಲ. "ಪ್ರೀತಿಲೆ ಮಾಡು ಅಂತ ಯಾರರ ಅಂದ್ರ ನನಗ ಮೈಯೆಲ್ಲಾ ಉರೀತೈತ್ರೀ. ನನ್ನ ಮಗ ಯಾರಿಗೂ ಬಿಟ್ಟಿ ದುಡೀಬಾರದು ಅಂತ ಹಿಂಗ್ ಮಾಡ್ದೆ."

ಪ್ರಕರಣದ ಬೇರು ಇಲ್ಲಿತ್ತು. ಈ ಮನುಷ್ಯನ ಸಿಟ್ಟು ನ್ಯಾಯವಾದುದೆಂದು ನಾನು ನಂಬುತ್ತೇನೆ, ಅವರಿಗೂ ಹಾಗೆಯೇ ಹೇಳಿದೆ. "ಮನಿ ಹುಡುಗ", "ನಮ್ಮಾಕಿ" ಎಂಬ ಮಾತುಗಳ ಮರೆಯಲ್ಲಿ ಎಷ್ಟೋ ಮಕ್ಕಳ, ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೇ ಬಾರದೆ ಹೋಗುವುದನ್ನು ಈ ಕೆಲಸದಲ್ಲಿ ಪದೇಪದೇ ನೋಡಿದ್ದೇನೆ. ಪ್ರೀತಿಯಿಂದ ಮಾಡುವುದಕ್ಕೂ ಪ್ರೀತಿಯ ಹೆಸರಿನಲ್ಲಿ ಮಾಡಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಆಗುವುದಿಲ್ಲ ಎನ್ನಲು ಅವನಿಗೆ ಅವಕಾಶವಿತ್ತೇ? ಮಾವನ ಅಂಗಡಿಯಲ್ಲಿ ಇವರಿಗೆ ಇರಲಿಲ್ಲ. ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದ ಹುಡುಗನಿಗೆ ಇತ್ತು. ಆಡಲು ಹೋಗಬಹುದಾಗಿದ್ದ ಸಂಜೆಗಳಲ್ಲಿ ಅವನು ಮುತ್ಯಾನ ಬಳಿ ಕುಳಿತಿದ್ದ. ತನ್ನ ಗಾಯಕ್ಕೆ ಹಚ್ಚಬೇಕಾದ ಔಷಧವನ್ನು ತಂದೆ, ಗಾಯವೇ ಇಲ್ಲದ ಮಗನಿಗೆ ಹಚ್ಚಿದ್ದರು. ಅವರ ನ್ಯಾಯ ನಿಜಕ್ಕೂ ಫಲ ಕೊಟ್ಟಿರುವುದು ಅಂಗಡಿಯಲ್ಲಿ: ಕೆಲಸದವರಿಗೆ ಅವರು ಒಂದು ದಿನವೂ ಪಗಾರ ತಡ ಮಾಡುವುದಿಲ್ಲ.

"ಹಂಗಾರ ಇವತ್ತಿಂದ ರೊಕ್ಕ ಬಂದ್ ಮಾಡ್ತೀನ್ರೀ" ಎಂದು ಅವರು ಎದ್ದರು. ಬೇಡವೆಂದೆ. ಇಸ್ರೇಲಿನ ಹೈಫಾದಲ್ಲಿ 10 ಶಿಶುಪಾಲನಾ ಕೇಂದ್ರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಎಚ್ಚರಿಕೆ ಕೊಡುತ್ತದೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ಆರು ಕೇಂದ್ರಗಳು ದಂಡ ಹಾಕಲಾರಂಭಿಸಿದಾಗ ತಡವಾಗಿ ಬರುವವರು ಹೆಚ್ಚಿದರು, ಏಕೆಂದರೆ ಶಿಕ್ಷಕಿಯನ್ನು ಕಾಯಿಸುತ್ತಿದ್ದೇವೆಂಬ ಸಂಕೋಚ ಹೋಗಿ ಅದು ದುಡ್ಡು ಕೊಟ್ಟು ಪಡೆಯುವ ಸೌಲಭ್ಯವಾಯಿತು. ದಂಡ ತೆಗೆದ ಮೇಲೂ ಸಂಕೋಚ ಮರಳಲಿಲ್ಲ. ಒಮ್ಮೆ ಬೆಲೆ ಕಟ್ಟಿದ್ದನ್ನು ಬೆಲೆ ಅಳಿಸಿದ ಮಾತ್ರಕ್ಕೆ ಹಿಂದಿನಂತೆ ಮಾಡಲಾಗದು. ಅದರ ಜಾಗದಲ್ಲಿ ಬೇರೇನಾದರೂ ಬೆಳೆಯಬೇಕು.

ಆದ್ದರಿಂದ ಮೊದಲು ಬಾಕಿ ತೀರಿಸಲು ಹೇಳಿದೆ. ನೋಟ್‌ಬುಕ್ಕಿನ ಪ್ರಕಾರ ಹುಡುಗನಿಗೆ 47 ರೂಪಾಯಿ ಬರಬೇಕಿತ್ತು. ದೀಪಾವಳಿಯಲ್ಲಿ ಅಂಗಡಿಯ ಹಳೆಯ ಲೆಕ್ಕ ಮುಗಿಸುವಷ್ಟೇ ಗೌರವದಿಂದ ಅದನ್ನು ಎಣಿಸಿ ಕೊಟ್ಟು, ಇಬ್ಬರೂ ಕೂಡಿ ಗೆರೆ ಎಳೆಯಬೇಕು. ದರ ಕಟ್ಟಿದ್ದು ತನ್ನ ತಪ್ಪು, ನಿನ್ನದಲ್ಲ ಎಂದು ತಂದೆ ಬಾಯಿಬಿಟ್ಟು ಹೇಳಬೇಕು, ಹೊಡೆದದ್ದಕ್ಕೂ ಕ್ಷಮೆ ಕೇಳಬೇಕು. ಇನ್ನು ಮುಂದೆ ಕೈಖರ್ಚಿಗೆ ವಾರಕ್ಕೆ ಇಂತಿಷ್ಟು ಎಂದು ಕೊಡಲಿ, ಆದರೆ ಅದನ್ನು ಯಾವ ಕೆಲಸಕ್ಕೂ ಗಂಟು ಹಾಕಬಾರದು. ಪತ್ರಿಕೆ ಓದುವಂತೆ ಯಾರೂ ಹೇಳಬಾರದು, ಓದದಿದ್ದರೆ ಮುಖ ಸಣ್ಣ ಮಾಡಬಾರದು. ತಾಯಿಗೆ ಹೇಳಿದ್ದು ಇಷ್ಟೇ: ಅವನು "ಎಷ್ಟು" ಎಂದು ಕೇಳಿದಾಗ ಗದರದೆ, "ನನಗ ಏಳಾಕ ಆಗವಲ್ದು, ಅದಕ್ಕ ಕೇಳೀನಿ" ಎಂದು ಕಾರಣ ಹೇಳಿ. ಮಗುವಿಗೆ ಕಾಣಬೇಕಾದುದು ಕೆಲಸದ ಹಿಂದಿರುವ ಮನುಷ್ಯ.

ಎಲ್ಲಕ್ಕಿಂತ ಮುಖ್ಯವಾದುದನ್ನು ಅಜ್ಜನಿಗೆ ಫೋನಿನಲ್ಲಿ ಕೇಳಿಕೊಂಡೆ. ನೀರಿನ ಮಟ್ಟ ನಿಮಗೇಕೆ ಬೇಕೆಂದು ಮೊಮ್ಮಗನಿಗೆ ಎಂದಾದರೂ ಹೇಳಿದ್ದೀರಾ? ಹೇಳಿರಲಿಲ್ಲ. ಹಳೆಯ ಬಾಗಲಕೋಟೆಯಲ್ಲಿ ಘಟಪ್ರಭೆಯ ಕಡೆಗಿದ್ದ ಅವರ ಮನೆ ಮುಳುಗಡೆಯಲ್ಲಿ ಹೋಗಿದೆ. ಆಲಮಟ್ಟಿ ತುಂಬಿದಾಗ ಹಿನ್ನೀರು ತಮ್ಮ ಅಂಗಳದವರೆಗೆ ಬಂದಿತೆಂದು ಅವರು ಕಣ್ಣಿಲ್ಲದೆಯೂ ಅಳೆಯುತ್ತಿದ್ದರು. ಅಷ್ಟು ದಿನ ಆ ಅಂಕಿಗಳನ್ನು ಓದಿದ್ದ ಹುಡುಗನಿಗೆ, ತಾನು ಓದುತ್ತಿರುವುದು ಮುತ್ಯಾನ ಮನೆಯ ಸುದ್ದಿ ಎಂದು ಗೊತ್ತಿರಲಿಲ್ಲ.

ಎರಡು ತಿಂಗಳ ನಂತರ ಅವರು ಮೂರನೆಯ ಬಾರಿ ಬಂದರು. ಓದು ಮತ್ತೆ ಶುರುವಾಗಿದೆ, ದಿನವೂ ಅಲ್ಲ, ವಾರಕ್ಕೆ ಮೂರು ದಿನವಾದರೆ ಹೆಚ್ಚು. "ಎಷ್ಟ ಕೊಡ್ತಿ" ಎಂಬ ಮಾತು ಈಗಲೂ ಒಮ್ಮೊಮ್ಮೆ ಬರುತ್ತದಂತೆ. ಒಂದು ರವಿವಾರ ಮುತ್ಯಾನನ್ನು ಆಟೊದಲ್ಲಿ ಹಿನ್ನೀರಿನ ದಡಕ್ಕೆ ಕರೆದೊಯ್ದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ಹುಡುಗ ಕೈಹಿಡಿದು ತೋರಿಸಿದ್ದಾನೆ. ತಂದೆ ಮಾತ್ರ ಮಾವನ ಅಂಗಡಿಯ ಕಥೆಯನ್ನು ಮಗನಿಗೆ ಇನ್ನೂ ಹೇಳಿಲ್ಲ. ಎರಡು ಸಲ ಶುರು ಮಾಡಿ, ಬೆಲ್ಲ ಒಡೆಯುವವರೆಗೆ ಬಂದು ನಿಂತುಬಿಟ್ಟರಂತೆ. ಮುಂದಿನ ಭೇಟಿಯನ್ನು ಅದಕ್ಕಾಗಿಯೇ ಇಟ್ಟುಕೊಂಡಿದ್ದೇವೆ, ಮುತ್ಯಾ ಕೂಡ ಬರುತ್ತೇನೆಂದಿದ್ದಾರೆ.